ಏಜೆಂಟ್ ಇಲ್ಲದೆ ಜರ್ಮನಿಯಲ್ಲಿ ಆಡಿದೆ: ನನ್ನ ಅನುಭವ

2025ರ ಆಗಸ್ಟಿನಲ್ಲಿ ಸ್ಟುಟ್‌ಗಾರ್ಟ್ ಸಮೀಪದ ಫುಟ್‌ಬಾಲ್ ತಂಡವೊಂದಕ್ಕೆ ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಣಾ ಆಟಗಾರ) ಆಗಿ ಜರ್ಮನಿಯ ಏಳನೇ ಹಂತದ ಲೀಗ್ ಆದ ಲಾಂಡೆಸ್‌ಲೀಗಾದಲ್ಲಿ ಮೊದಲ ಪಂದ್ಯ ಆಡಿದೆ. ಅದಕ್ಕೂ ನಾಲ್ಕು ವರ್ಷ ಮೊದಲು, ವಿದ್ಯಾರ್ಥಿಯಾಗಿ ಹೋಗಿ ತಂಡ ಹುಡುಕಿಕೊಳ್ಳುವ ಈ ದಾರಿಯನ್ನು ವಿವರಿಸಿದಾಗ ಬೆಂಗಳೂರಿನಲ್ಲಿ ಯಾರೂ ಒಪ್ಪಿರಲಿಲ್ಲ. "ಬೆಂಗಳೂರಿನ ದೊಡ್ಡ ಲೀಗ್ ಸೂಪರ್ ಡಿವಿಷನ್ ಬಿಟ್ಟು ಅಲ್ಲಿನ ಹಳ್ಳಿ ತಂಡಕ್ಕೆ ಹೋಗುತ್ತೀಯೇನಪ್ಪಾ?" ಎಂದು ಕೋಚ್ ನೊಂದುಕೊಂಡೇ ಕೇಳಿದ್ದರು.

ಅದಕ್ಕೂ ಮೊದಲು ಎಲ್ಲರ ದಾರಿಯನ್ನೇ ಹಿಡಿದು ಸೋತಿದ್ದೆ. 2018ರಲ್ಲಿ ಒಬ್ಬ ಏಜೆಂಟ್ ಸ್ಪೇನಿನಲ್ಲಿ ಟ್ರಯಲ್ಸ್ ಎಂದು ಹೇಳಿ ಸುಮಾರು ಎರಡೂ ಮುಕ್ಕಾಲು ಲಕ್ಷ ಪಡೆದ. ಹತ್ತು ದಿನಗಳಲ್ಲಿ ಮೂರು ಪಂದ್ಯ ಆಡಿಸಿದರು, ಮೂರೂ ನಮ್ಮಂತೆಯೇ ಹಣ ಕಟ್ಟಿ ಬಂದ ಹುಡುಗರ ಎದುರು. ನೋಡಲು ಕ್ಲಬ್‌ಗಳಿಗೆ ಆಟಗಾರರನ್ನು ಹುಡುಕುವ ಒಬ್ಬ ಸ್ಕೌಟ್ ಕೂಡ ಬರಲಿಲ್ಲ. ಅಡವಿಟ್ಟ ಅಮ್ಮನ ಬಳೆಗಳನ್ನು ಬಿಡಿಸಿಕೊಳ್ಳಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ (Bury) ಎಂಬ ತಂಡಕ್ಕೆ, ಸುನಿಲ್ ಛೆಟ್ರಿ 2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿ ತಂಡಕ್ಕೆ ಹೋದಾಗ ಅವರು ಭಾರತ ತಂಡದ ಆಟಗಾರರು. ನನ್ನಂಥವನ ವಿಡಿಯೊವನ್ನು ಯಾರು ತೆರೆದು ನೋಡುತ್ತಾರೆ?

ಹಾಗಾಗಿ ವಿದ್ಯಾರ್ಥಿಯಾಗಿ ಹೋದೆ. 2021ರಲ್ಲಿ ವೀಸಾಕ್ಕೆ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಯಾಂಕ್ ಖಾತೆ) ಇಡಬೇಕಾಗಿದ್ದದ್ದು 10,332 ಯೂರೊ, ಅಂದರೆ ಒಂಬತ್ತು ಲಕ್ಷದಷ್ಟು. ಮೂರು ಲಕ್ಷ ನನ್ನ ಉಳಿತಾಯ, ಉಳಿದದ್ದು ಸಾಲ. ಆದರೆ ಏಜೆಂಟನಿಗೆ ಕೊಟ್ಟ ಹಣದಂತೆ ಇದು ಮಾಯವಾಗುವುದಿಲ್ಲ, ತಿಂಗಳು ತಿಂಗಳು ನಮ್ಮ ಕೈಗೇ ಬರುತ್ತದೆ.

ಕ್ಲಬ್ ಹುಡುಕಿದ ಬಗೆಯ ಬಗ್ಗೆ ನನಗೆ ಹೆಮ್ಮೆಯಿದೆ. ಜರ್ಮನಿಯಲ್ಲಿ ತೀರಾ ಕೆಳಗಿನ ಲೀಗಿನ ಪಂದ್ಯಗಳ ವಿವರವೂ ಅಂತರ್ಜಾಲದಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಕುಳಿತೇ ನಲವತ್ತು ತಂಡಗಳ ಆಟಗಾರರ ಪಟ್ಟಿ ಓದಿದೆ. ಯಾವ ತಂಡ ಪ್ರತಿ ಭಾನುವಾರ ಅದೇ ಹನ್ನೆರಡು ಹೆಸರುಗಳೊಂದಿಗೆ ಇಳಿಯುತ್ತದೋ ಅಲ್ಲಿ ಆಟಗಾರರ ಕೊರತೆ ಇದೆ ಎಂದರ್ಥ. ಅಂಥ ಏಳು ತಂಡಗಳಿಗೆ ಬರೆದೆ, ಐದರಿಂದ ಉತ್ತರ ಬಂತು. ಆ ಪತ್ರದ ಮೊದಲ ಎರಡು ಸಾಲುಗಳನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನಾನು ಎಡಗಾಲಿನವನು ಎಂಬುದಂತೂ ಅದರಲ್ಲಿತ್ತು.

ದೊಡ್ಡ ತಪ್ಪು ಮಾಡಿದ್ದು ಕಾಗದಪತ್ರದಲ್ಲಿ. ಅಲ್ಲಿ ಆಡಲು ಅನುಮತಿ ಕೇಳುವಾಗ ಆಟಗಾರನಾಗಿ ಬೆಂಗಳೂರಿನಲ್ಲಿದ್ದ ನೋಂದಣಿಯನ್ನು ಮುಚ್ಚಿಟ್ಟರೆ ಬೇಗ ಆಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದೆ. ಹಳೆಯ ನೋಂದಣಿ ಹೊರಬಿದ್ದು ಅರ್ಜಿ ವಾಪಸಾಯಿತು. ನಿಜ ಬರೆದು ಮತ್ತೆ ಹಾಕಿದ ಮೇಲೆ ಐದಾರು ವಾರಗಳಲ್ಲಿ ಅನುಮತಿ ಬಂತು, ಅಷ್ಟರಲ್ಲಿ ಚಳಿಗಾಲದ ವಿರಾಮ ಶುರುವಾಗಿತ್ತು. ಜರ್ಮನಿಯಲ್ಲಿ ಮೊದಲ ಪಂದ್ಯ ಆಡಿದ್ದು ಮಾರ್ಚಿನಲ್ಲಿ, ಲಾಂಡೆಸ್‌ಲೀಗಾಕ್ಕಿಂತ ಮೂರು ಹಂತ ಕೆಳಗಿನ ಕ್ರೈಸ್‌ಲೀಗಾ ಬಿಯಲ್ಲಿ, ಅದೂ ಕ್ಲಬ್ಬಿನ ಎರಡನೇ ತಂಡಕ್ಕೆ. ಒದ್ದೆ ಹುಲ್ಲಿನಲ್ಲಿ ನಮ್ಮ ಗಟ್ಟಿ ನೆಲದ ಶೂ ಹಿಡಿತ ಕೊಡದೆ ಮೊದಲರ್ಧದಲ್ಲೇ ನಾಲ್ಕು ಸಲ ಜಾರಿದೆ. ಮರುದಿನವೇ ಅಡಿಯಲ್ಲಿ ಲೋಹದ ಸ್ಟಡ್ (ಹಿಡಿತದ ಗುಬುಟು) ಇರುವ ಹಳೆಯ ಜೋಡಿಯೊಂದನ್ನು ಮೂವತ್ತು ಯೂರೊಗೆ ಕೊಂಡೆ.

ಆ ವಸಂತದಲ್ಲಿ ಊಟದ ಪ್ರಯೋಗವನ್ನೂ ಮಾಡಿದೆ. ಪಂದ್ಯ ಮಧ್ಯಾಹ್ನ ಮೂರಕ್ಕೆ. ಸಹ ಆಟಗಾರರಂತೆ ಪಾಸ್ತಾ ತಿಂದರೆ ಅರವತ್ತನೇ ನಿಮಿಷಕ್ಕೆ ಕಾಲು ಭಾರವಾಗುತ್ತಿತ್ತು. ಹನ್ನೊಂದೂವರೆಗೆ ರಾಗಿ ಅಂಬಲಿ ಕುಡಿದು ನೋಡಿದೆ, ಕೊನೆಯವರೆಗೂ ಓಡಿದೆ. ಮನೆಯಿಂದ ತಂದ ನಾಲ್ಕು ಕಿಲೋ ಹಿಟ್ಟು ಮೇ ತಿಂಗಳಲ್ಲೇ ಮುಗಿಯಿತು.

ಮುಂದಿನದು ಬೇಗ ನಡೆಯಿತು. 2023ರಲ್ಲಿ ಎರಡು ಹಂತ ಮೇಲಿನ ಬೆಟ್ಸಿರ್ಕ್ಸ್‌ಲೀಗಾ ತಂಡದವರು ತಾವಾಗಿಯೇ ಕರೆದರು. ಅಲ್ಲಿ ಪೆಟ್ರೋಲ್ ಖರ್ಚು, ಗೆದ್ದರೆ ಇಪ್ಪತ್ತು ಯೂರೊ. ಈಗ ತಿಂಗಳಿಗೆ ಇನ್ನೂರೈವತ್ತರ ಆಸುಪಾಸು ಸಿಗುತ್ತದೆ. ಮನೆ ಬಾಡಿಗೆಯ ಅರ್ಧದಷ್ಟೂ ಆಗದು. ಹಗಲು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೆ ಮೂರು ಸಂಜೆ ಅಭ್ಯಾಸ. ಸಾಲದಲ್ಲಿ ಇನ್ನು ಒಂದೂವರೆ ಲಕ್ಷ ಬಾಕಿ.

ಅಂದು ನೊಂದುಕೊಂಡಿದ್ದ ಅದೇ ಕೋಚ್ ಈ ಸಲ ಬೆಂಗಳೂರಿನ ಗೌತಮಪುರದ ಹುಡುಗನೊಬ್ಬನನ್ನು ನನ್ನ ಬಳಿಗೆ ಕಳುಹಿಸಿದ್ದಾರೆ. ಅವನ ಅರ್ಜಿಯಲ್ಲಿ ಬೆಂಗಳೂರಿನ ನೋಂದಣಿಯನ್ನು ಮೊದಲ ಪುಟದಲ್ಲೇ ಬರೆಸಿದ್ದೇನೆ.