ಕಾರಿನ ಮೂಲೆಗೆ ಒಪ್ಪುವ ಫೈಬರ್‌ಗ್ಲಾಸ್ ಸಬ್‌ವೂಫರ್ ಪೆಟ್ಟಿಗೆ ಕಟ್ಟುವ ಬಗೆ

ಕಾರಿನ ಡಿಕ್ಕಿಯ ಪಕ್ಕದಲ್ಲಿ, ಚಕ್ರದ ಕಮಾನು ಮುಗಿದು ಹಿಂದಿನ ದೀಪದ ಗೂಡು ಆರಂಭವಾಗುವ ಎಡೆಯಲ್ಲಿ, ಯಾವ ಸಾಮಾನೂ ನೆಟ್ಟಗೆ ಕೂರದ ಒಂದು ಗುಳಿ ಇರುತ್ತದೆ. ಹಲಗೆಯ ಚೌಕ ಪೆಟ್ಟಿಗೆಯನ್ನು ಅಲ್ಲಿಡಲು ಹೋದರೆ ಅರ್ಧ ಡಿಕ್ಕಿ ಅದಕ್ಕೇ ವ್ಯಯವಾಗುತ್ತದೆ. ಆ ಗುಳಿಯನ್ನೇ ಅಚ್ಚು ಮಾಡಿಕೊಂಡು ಪೆಟ್ಟಿಗೆಯ ಬೆನ್ನನ್ನು ಫೈಬರ್‌ಗ್ಲಾಸ್‌ನಲ್ಲಿ, ಅಂದರೆ ಗಾಜಿನ ನೂಲಿನ ಹಾಸಿಗೆ (ಮ್ಯಾಟ್) ಗಟ್ಟಿಯಾಗುವ ಅಂಟುದ್ರವ (ರೆಸಿನ್) ಕುಡಿಸಿ, ರೂಪಿಸಿದರೆ, ಕೆಳಸ್ವರಗಳಿಗೆಂದೇ ಇರುವ ಹತ್ತು ಇಂಚಿನ ಸ್ಪೀಕರನ್ನು, ಅಂದರೆ ಸಬ್‌ವೂಫರನ್ನು, ಕೂರಿಸಿದ ಮೇಲೂ ಸಾಮಾನಿಡುವ ಜಾಗ ಬಹುಪಾಲು ಉಳಿಯುತ್ತದೆ.

ಇಂಥ ಅಂಕುಡೊಂಕಾದ ಪೆಟ್ಟಿಗೆಯಲ್ಲಿ ಧ್ವನಿ ಕೆಡುವುದಿಲ್ಲವೇ ಎಂಬ ಸಂದೇಹ ಸಹಜ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆಗಿರುವುದರಿಂದ, 50 ಹರ್ಟ್ಸ್‌ನ ಸ್ವರದ ತರಂಗಾಂತರ ಸುಮಾರು 7 ಮೀಟರ್ ಆಗುತ್ತದೆ. ನಮ್ಮ ಪೆಟ್ಟಿಗೆಯ ಅತಿ ಉದ್ದದ ಬದಿಯೂ ಅರ್ಧ ಮೀಟರ್ ದಾಟುವುದು ಅಪರೂಪ. ಆದ್ದರಿಂದ ಒಳಗಿನ ಗಾಳಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಸಮನೆ ಕುಗ್ಗಿ ಹಿಗ್ಗುತ್ತದೆ. ಗೋಡೆಯ ಆಕಾರ ಅದಕ್ಕೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಒಳಗಿನ ಗಾಳಿಯ ಗಾತ್ರ, ಗೋಡೆಯ ಬಿಗಿತ ಮತ್ತು ಗಾಳಿ ಸೋರದಿರುವಿಕೆ. ಹೊರಗಿನ ಬಣ್ಣ ಮತ್ತು ನಯಕ್ಕೆ ಎಲ್ಲರೂ ಮನಸ್ಸು ಕೊಡುತ್ತಾರೆ; ನಾನು ಈ ಲೇಖನದಲ್ಲಿ ಹೆಚ್ಚು ಒತ್ತು ಕೊಡುವುದು ಕಣ್ಣಿಗೆ ಬೀಳದ ಈ ಮೂರಕ್ಕೆ.

ಮೊದಲು ಗಾತ್ರ

ಮೊದಲ ಬಾರಿಗೆ ಕಟ್ಟುವವರು ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನೇ ಆರಿಸಿಕೊಳ್ಳಬೇಕು. ಕೊಳವೆ ಇರುವ ಪೆಟ್ಟಿಗೆಯಲ್ಲಿ ಕೊಳವೆಯ ಉದ್ದ, ಅದರ ಬಾಯಿಯ ವಿಸ್ತಾರ ಮತ್ತು ಪೆಟ್ಟಿಗೆಯ ಗಾತ್ರ ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದಬೇಕಾಗುತ್ತದೆ, ಕೈಯಿಂದ ರೂಪಿಸಿದ ಆಕಾರದಲ್ಲಿ ಆ ನಿಖರತೆ ಸುಲಭಕ್ಕೆ ಸಿಗುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್‌ನಂತೆ ವರ್ತಿಸಿ, ಸ್ಪೀಕರಿನಲ್ಲಿ ಹಿಂದೆ ಮುಂದೆ ಅಲುಗುವ ಕೋನ್ ಅನ್ನು ಮತ್ತೆ ಅದರ ಜಾಗಕ್ಕೆ ತರುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-1 ಸ್ಪೀಕರ್ ಈ ತತ್ವದ ಮೇಲೆಯೇ ಮಾರುಕಟ್ಟೆಗೆ ಬಂದು, ಚಿಕ್ಕ ಪೆಟ್ಟಿಗೆಯಿಂದಲೂ ಆಳವಾದ ಬಾಸ್ ಹೊರಡಿಸಬಹುದೆಂದು ತೋರಿಸಿತು. ಲೀಟರ್ ಒಂದೆರಡು ಹೆಚ್ಚುಕಡಿಮೆಯಾದರೂ ಈ ಬಗೆಯ ಪೆಟ್ಟಿಗೆ ಅಷ್ಟಾಗಿ ಮುನಿಸಿಕೊಳ್ಳುವುದಿಲ್ಲ.

ಸಬ್‌ವೂಫರ್ ಜೊತೆ ಬರುವ ಹಾಳೆಯಲ್ಲಿ ತಯಾರಕರು ಸೂಚಿಸಿದ ಗಾತ್ರವಿದ್ದರೆ ಅದನ್ನೇ ಅನುಸರಿಸಿರಿ. ಅದು ಘನ ಅಡಿಯಲ್ಲಿದ್ದರೆ, ಒಂದು ಘನ ಅಡಿಗೆ 28.3 ಲೀಟರ್ ಎಂದು ಲೆಕ್ಕ ಹಾಕಿಕೊಳ್ಳಿ. ಸೂಚನೆ ಇಲ್ಲದಿದ್ದರೂ ಚಿಂತೆಯಿಲ್ಲ. ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರ ಹೆಸರಿನಲ್ಲಿ ಕರೆಯಲಾಗುವ ಅಳತೆಗಳು ಹಾಳೆಯಲ್ಲಿ ಸಾಮಾನ್ಯವಾಗಿ ಇರುತ್ತವೆ. ಏರಿಳಿತವಿಲ್ಲದ ಸಮತಟ್ಟಾದ ಧ್ವನಿಗೆ ಒಪ್ಪುವ 0.707 ಎಂಬ ಸಂಖ್ಯೆಯನ್ನು ಸ್ಪೀಕರಿನ ಕ್ಯೂಟಿಎಸ್‌ನಿಂದ (ಕೋನ್‌ನ ಅಲುಗಾಟ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಳತೆ) ಭಾಗಿಸಿ, ಬಂದ ಮೊತ್ತವನ್ನು ವರ್ಗಗೊಳಿಸಿ, ಅದರಲ್ಲಿ ಒಂದನ್ನು ಕಳೆದು, ಉಳಿದದ್ದರಿಂದ ವಿಎಎಸ್ ಅನ್ನು (ಕೋನ್‌ನ ಆಧಾರದಷ್ಟೇ ಮೆತ್ತಗಿರುವ ಗಾಳಿಯ ಗಾತ್ರ, ಲೀಟರ್‌ನಲ್ಲಿ) ಭಾಗಿಸಿದರೆ ಪೆಟ್ಟಿಗೆಯ ಗಾತ್ರ ಲೀಟರ್‌ನಲ್ಲಿ ದೊರೆಯುತ್ತದೆ. ಕ್ಯೂಟಿಎಸ್ 0.5, ವಿಎಎಸ್ 40 ಲೀಟರ್ ಮತ್ತು ಎಫ್‌ಎಸ್ (ಪೆಟ್ಟಿಗೆಯಿಲ್ಲದೆ ಸ್ಪೀಕರ್ ತಾನಾಗಿ ಹೆಚ್ಚು ಕಂಪಿಸುವ ಸ್ವರ, ಅಂದರೆ ಅನುರಣನ) 30 ಹರ್ಟ್ಸ್ ಇರುವ ಸ್ಪೀಕರಿಗೆ 40 ಲೀಟರಿನ ಪೆಟ್ಟಿಗೆ ಬೇಕು, ಆಗ ಅದರ ಅನುರಣನ ಸುಮಾರು 42 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಅದೇ ಸ್ಪೀಕರನ್ನು 20 ಲೀಟರಿಗೆ ತುರುಕಿದರೆ ಅನುರಣನ 52 ಹರ್ಟ್ಸ್‌ಗೆ ಏರಿ, ಧ್ವನಿಯಲ್ಲಿ ಸಣ್ಣ ಉಬ್ಬು ಕಾಣಿಸಿಕೊಳ್ಳುತ್ತದೆ, ತೀರ ಕೆಳಗಿನ ಸ್ವರಗಳು ಕುಗ್ಗುತ್ತವೆ. ಕಾರಿನ ಚಿಕ್ಕ ಒಳಾಂಗಣವು ತೀರ ಕೆಳಗಿನ ಸ್ವರಗಳನ್ನು ತಾನಾಗಿಯೇ ಎತ್ತಿಕೊಡುವುದರಿಂದ ಈ ನಷ್ಟ ಮನೆಯಲ್ಲಿ ಆಗುವಷ್ಟು ಕಾರಿನಲ್ಲಿ ತಟ್ಟುವುದಿಲ್ಲ. ಆದರೂ ಜಾಗವಿದ್ದಲ್ಲಿ ಕಂಜೂಸಿ ಮಾಡುವುದು ಬೇಡ.

ಜಾಗದ ಪರೀಕ್ಷೆ

ಡಿಕ್ಕಿಯ ಪಕ್ಕದ ಹೊದಿಕೆಯನ್ನು ಬಿಚ್ಚಿ ಹಿಂದೆ ಏನೇನಿದೆ ಎಂದು ಟಾರ್ಚ್ ಹಿಡಿದು ನೋಡಬೇಕು. ಇಂಧನ ತುಂಬುವ ಕೊಳವೆ, ವೈರಿನ ಕಟ್ಟು, ದೀಪದ ಬಲ್ಬು ಬದಲಿಸುವ ಕಿಂಡಿ, ಜಾಕ್ ಮತ್ತು ಸ್ಟೆಪ್ನಿ ಇವೆಲ್ಲವನ್ನೂ ಮುಂದೆಯೂ ಕೈಯಿಂದ ತಲುಪುವಂತಿರಬೇಕು. ಬಹಳಷ್ಟು ಕಾರುಗಳಲ್ಲಿ ಬಾಗಿಲು ಮುಚ್ಚಿದಾಗ ಒಳಗಿನ ಗಾಳಿ ಹೊರಹೋಗಲು ಹಿಂಬದಿಯ ಮೂಲೆಯಲ್ಲಿ ರೆಕ್ಕೆಯಂಥ ಮುಚ್ಚಳಗಳಿರುತ್ತವೆ, ಅವುಗಳನ್ನು ಅಡ್ಡಗಟ್ಟಬಾರದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಗಟ್ಟಿಯಾದ ಮೇಲೆ ಅಚ್ಚು ಹೊರಬರಬೇಕಾದ ದಾರಿಯನ್ನು ಮೊದಲೇ ಕಣ್ಣಳತೆಯಲ್ಲಿ ಗುರುತಿಸಿಕೊಳ್ಳಿ. ಗುಳಿಯ ಬಾಯಿ ಕಿರಿದಾಗಿದ್ದು ಒಳಗೆ ಅಗಲವಾಗಿದ್ದರೆ, ಮೃದುವಾಗಿ ಒಳಹೋದ ಮ್ಯಾಟ್ ಕಲ್ಲಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಮತ್ತೆ ಅದನ್ನು ಕೊಯ್ದೇ ತೆಗೆಯಬೇಕಾಗುತ್ತದೆ. ಅಂಥ ಒಳಸಂದುಗಳನ್ನು ಸ್ಪಂಜಿನ ತುಂಡಿಟ್ಟು, ಮೇಲೆ ಟೇಪ್ ಸುತ್ತಿ, ಇಳಿಜಾರಾಗಿ ತುಂಬಿಬಿಡಿ. ಥರ್ಮಾಕೋಲ್ ಬಳಸುವುದಾದರೆ ಅದರ ಮೇಲೆ ಒಂದು ಚುಕ್ಕೆಯೂ ರೆಸಿನ್ ತಾಗದಂತೆ ಮುಚ್ಚಬೇಕು, ಏಕೆಂದರೆ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸುತ್ತದೆ.

ರೆಸಿನ್ ಮುಟ್ಟುವ ಮುನ್ನ

ಸ್ಟೈರೀನ್ ಆವಿ ತಲೆನೋವು, ತಲೆಸುತ್ತು ತರುತ್ತದೆ. ಬಟ್ಟೆಯ ಮುಖಗವುಸು ಅಥವಾ ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಸಾವಯವ ಆವಿಗೆಂದೇ ಇರುವ ಇದ್ದಿಲಿನ ಫಿಲ್ಟರಿನ ರೆಸ್ಪಿರೇಟರ್ ಬೇಕು. ಕಾರಿನ ಎಲ್ಲ ಬಾಗಿಲುಗಳನ್ನು ತೆರೆದಿಟ್ಟು, ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಕೆಲಸ ಮಾಡಿರಿ. ಹಾರ್ಡ್‌ನರ್ ಎಂದು ಕರೆಯುವ ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕಿಕೊಳ್ಳದೆ ಅದರ ಬಾಟಲಿಯ ಮುಚ್ಚಳವನ್ನೂ ತೆಗೆಯಬಾರದು. ಹಾಗೊಮ್ಮೆ ಸಿಡಿದರೆ ಕನಿಷ್ಠ ಹದಿನೈದು ನಿಮಿಷ ನೀರಿನಲ್ಲಿ ಕಣ್ಣು ತೊಳೆದು ತಕ್ಷಣ ವೈದ್ಯರ ಬಳಿ ಹೋಗಬೇಕು. ಕೆಲವು ರೆಸಿನ್‌ಗಳ ಜೊತೆ ಕೋಬಾಲ್ಟ್ ವೇಗವರ್ಧಕವನ್ನು ಬೇರೆಯಾಗಿ ಕೊಡುತ್ತಾರೆ. ಅದನ್ನೂ ಹಾರ್ಡ್‌ನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಸಾಧ್ಯವಿದ್ದರೆ ವೇಗವರ್ಧಕ ಮೊದಲೇ ಸೇರಿರುವ ರೆಸಿನ್ ಕೊಳ್ಳುವುದೇ ಕ್ಷೇಮ.

ಬೆನ್ನಿನ ಭಾಗ

ಕಾರಿನ ಒಳಭಾಗವನ್ನೆಲ್ಲ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಗುಳಿಯ ಮೇಲೆ ಮಾಸ್ಕಿಂಗ್ ಟೇಪನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಎರಡು ಪದರ ಅಂಟಿಸಿ. ಪಟ್ಟಿಗಳ ಅಂಚು ಒಂದರ ಮೇಲೊಂದು ಏರಿರಲಿ. ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ಮೇಣ ಸವರಿದರೆ ಅಚ್ಚು ಬಿಡಿಸಿಕೊಳ್ಳುವುದು ಸುಲಭ. ಅಂಚುಗಳನ್ನು ಬೇಕಾದುದಕ್ಕಿಂತ ಒಂದು ಗೇಣು ಹೊರಗಿನವರೆಗೂ ಮುಚ್ಚಿರಬೇಕು, ಏಕೆಂದರೆ ಕಾರ್ಪೆಟ್‌ಗೆ ಇಳಿದ ರೆಸಿನ್ ಮತ್ತೆ ಹೋಗುವುದಿಲ್ಲ.

ಕತ್ತರಿಸಿದ ನೂಲಿನ ಫೈಬರ್ ಮ್ಯಾಟ್‌ನಲ್ಲಿ ಚದರ ಮೀಟರಿಗೆ 450 ಗ್ರಾಂ ತೂಗುವುದು ಈ ಕೆಲಸಕ್ಕೆ ಹದವಾದದ್ದು; ತೀರ ಬಾಗಿದ ಮೂಲೆಗಳಿಗೆ 300 ಗ್ರಾಂನದು ಚೆನ್ನಾಗಿ ಒಗ್ಗುತ್ತದೆ. ಮ್ಯಾಟನ್ನು ಕತ್ತರಿಯಿಂದ ಕತ್ತರಿಸುವ ಬದಲು ಕೈಯಿಂದ ಹರಿದರೆ, ಎಳೆಎಳೆಯಾದ ಅಂಚು ಪಕ್ಕದ ತುಂಡಿನೊಡನೆ ಬೆರೆತು ಏಣು ಉಳಿಯುವುದಿಲ್ಲ. ಅಂಗೈ ಎರಡರಷ್ಟು ಅಗಲದ ತುಂಡುಗಳನ್ನು ರೆಸಿನ್ ಕಲಸುವ ಮೊದಲೇ ಹರಿದು ರಾಶಿ ಹಾಕಿಕೊಳ್ಳಿ.

ರೆಸಿನ್ ತೂಕದ ಶೇಕಡಾ 1ರಿಂದ 2ರಷ್ಟು ಹಾರ್ಡ್‌ನರ್ ಬೇಕು, ಅಂದರೆ 500 ಗ್ರಾಂ ರೆಸಿನ್‌ಗೆ 5ರಿಂದ 10 ಗ್ರಾಂ. ಬಿಸಿಲ ದಿನ ಕಡಿಮೆ, ತಂಪು ದಿನ ಹೆಚ್ಚು. ಶೇಕಡಾ 1ಕ್ಕಿಂತ ಕೆಳಗಿಳಿಸಿದರೆ ಪದರ ಎಂದೂ ಪೂರ್ತಿ ಗಟ್ಟಿಯಾಗದೆ ರಬ್ಬರಿನಂತೆ ಉಳಿಯುವ ಅಪಾಯವಿದೆ. ಒಂದು ಬಾರಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲಸಬೇಡಿ. ಡಬ್ಬಿಯಲ್ಲಿ ದಪ್ಪವಾಗಿ ನಿಂತ ರೆಸಿನ್ ಗಟ್ಟಿಯಾಗುವಾಗ ತನ್ನದೇ ಬಿಸಿಗೆ ಹೊಗೆಯಾಡುತ್ತದೆ, ಕೆಲವೊಮ್ಮೆ ಡಬ್ಬಿಯೂ ಕರಗುತ್ತದೆ.

ಮೇಣದ ಮೇಲೆ ಮೊದಲು ತೆಳುವಾಗಿ ರೆಸಿನ್ ಬಳಿದು, ಮ್ಯಾಟ್ ಇಟ್ಟು, ಬ್ರಷ್ಷಿನ ತುದಿಯಿಂದ ಕುಟ್ಟುತ್ತಾ ಹೋಗಿ. ಬ್ರಷ್ಷನ್ನು ಎಳೆದರೆ ನೂಲು ಕಿತ್ತು ಬರುತ್ತದೆ. ಕೆಲವು ಕ್ಷಣಗಳಲ್ಲಿ ನೂಲನ್ನು ಹಿಡಿದಿಟ್ಟ ಅಂಟು ಸ್ಟೈರೀನ್‌ನಲ್ಲಿ ಕರಗಿ ಮ್ಯಾಟ್ ಮೆತ್ತಗಾಗುತ್ತದೆ, ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುತ್ತದೆ. ಎಲ್ಲಾದರೂ ಬಿಳಿಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಥವಾ ರೆಸಿನ್ ಸಾಲದಾಗಿದೆ ಎಂದರ್ಥ. ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಕೊಳದಂತೆ ನಿಂತ ರೆಸಿನ್ ಬಲ ಕೊಡುವುದಿಲ್ಲ, ಬಿರುಕು ಬಿಡುತ್ತದೆ.

ಕಾರಿನೊಳಗೆ ಎರಡು ಪದರ ಮುಗಿಸಿ ಮರುದಿನದವರೆಗೆ ಬಿಟ್ಟು, ಅಂಚಿನಿಂದ ಮೆಲ್ಲಗೆ ಅಲುಗಿಸುತ್ತಾ ಹೊರತೆಗೆಯಿರಿ. ಉಳಿದ ಪದರಗಳನ್ನು ಕಾರಿನ ಹೊರಗೆ ಹಾಕುವುದು ಆರೋಗ್ಯಕ್ಕೂ ಒಳ್ಳೆಯದು. ಹಸಿಯ ಮೇಲೆ ಹಸಿಯಾಗಿ ಎರಡು ಮೂರು ಪದರಗಳಿಗಿಂತ ಹೆಚ್ಚು ಹೊರಿಸಿದರೆ ಬಿಸಿಗೆ ಬೆನ್ನು ಸೊಟ್ಟಗಾಗಬಹುದು.

ಎಷ್ಟು ಪದರ?

ನಾನು ಕಟ್ಟಿದ ಮೊದಲ ಪೆಟ್ಟಿಗೆಗೆ ಮೂರೇ ಪದರ ಹಾಕಿದ್ದೆ. ಕೈಗೆ ಅದು ಸಾಕಷ್ಟು ಗಟ್ಟಿ ಎನಿಸಿತ್ತು, ಆದರೆ ದನಿ ಏರಿಸಿದೊಡನೆ ಚಕ್ರದ ಬದಿಯ ಚಪ್ಪಟೆ ಭಾಗ ಡೋಲಿನ ಚರ್ಮದಂತೆ ನಡುಗತೊಡಗಿ, ಬಾಸ್ ಮಸುಕಾಗಿ ಕೇಳಿಸಿತು. ಕಾರಣ ಸರಳ. 450 ಗ್ರಾಂನ ಒಂದು ಪದರ ಸುಮಾರು 1 ಮಿಲಿಮೀಟರ್ ದಪ್ಪ ಕೊಡುತ್ತದೆ, ಹಲಗೆಯ ಬಿಗಿತವಾದರೋ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 3 ಮಿಲಿಮೀಟರ್ ಗೋಡೆಯನ್ನು 6ಕ್ಕೆ ಏರಿಸಿದರೆ ಬಿಗಿತ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಹೀಗಾಗಿ ಕನಿಷ್ಠ ಆರು ಪದರ ಹಾಕಬೇಕು, ಚಪ್ಪಟೆಯಾದ ಕಡೆಗಳಲ್ಲಿ ಎಂಟು. ಬಾಗಿದ ಮೈ ಮೊಟ್ಟೆಯ ಚಿಪ್ಪಿನಂತೆ ತಾನೇ ಬಿಗಿಯಾಗಿರುತ್ತದೆ. ಚಪ್ಪಟೆಯ ಭಾಗಗಳಿಗೆ ಒಳಗಿನಿಂದ ಮರದ ಪಟ್ಟಿಯೊಂದನ್ನು ಅಂಟಿಸಿ, ಮೇಲೆ ಮ್ಯಾಟ್ ಹೊದಿಸಿದರೆ ಅರ್ಧ ತೊಂದರೆ ನೀಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಟೊಳ್ಳು ದನಿ ಬಂದಲ್ಲೆಲ್ಲ ಇನ್ನೊಂದು ಪದರ ಬೇಕು.

ಒಂದು ಪದರ ಪೂರ್ತಿ ಒಣಗಿದ ಮೇಲೆ ಮುಂದಿನದನ್ನು ಹಾಕುವಾಗ ಮೇಲ್ಮೈಯನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ ತರಿಯಾಗಿ ಉಜ್ಜಿಕೊಳ್ಳಬೇಕು. ಮೇಣ ಬೆರೆಸಿದ ರೆಸಿನ್‌ನಲ್ಲಿ ಮೇಣ ಮೇಲೆ ತೇಲಿ ನಿಂತಿರುತ್ತದೆ, ಅದನ್ನು ಉಜ್ಜದೆ ಹಾಕಿದ ಪದರ ಸಿಪ್ಪೆಯಂತೆ ಬಿಡುತ್ತದೆ. ಗಾಜಿನ ಧೂಳಿಗೆ ಮಾಸ್ಕ್, ಉದ್ದ ತೋಳಿನ ಅಂಗಿ ಇರಲೇಬೇಕು.

ಮುಂಭಾಗ

18 ಮಿಲಿಮೀಟರ್ ಎಂಡಿಎಫ್ ಹಲಗೆಯಿಂದ ಸ್ಪೀಕರಿನ ಉಂಗುರವನ್ನು ಕೊಯ್ದುಕೊಳ್ಳಿ. ಅದರ ಒಳವ್ಯಾಸ ಸ್ಪೀಕರಿನ ಬುಟ್ಟಿ ಹಾಯುವಷ್ಟು, ಹೊರವ್ಯಾಸ ತಿರುಪುಗಳಿಗೆ ಮರ ಉಳಿಯುವಷ್ಟು ಇರಬೇಕು. ಬೆನ್ನಿನ ಭಾಗವನ್ನು ಕಾರಿನಲ್ಲಿ ಇಟ್ಟು, ಉಂಗುರವನ್ನು ಬೇಕಾದ ಕೋನದಲ್ಲಿ ಮರದ ಕಡ್ಡಿಗಳ ಮೇಲೆ ನಿಲ್ಲಿಸಿ ಬಿಸಿ ಅಂಟಿನಿಂದ ಹಿಡಿಸಿ. ಮ್ಯಾಗ್ನೆಟ್ಟಿನ ಹಿಂದೆ ಗಾಳಿಯ ರಂಧ್ರವಿದ್ದರೆ ಅದಕ್ಕೂ ಗೋಡೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಅಂತರ ಇರಲಿ.

ಗಾತ್ರವನ್ನು ಅಳೆಯಲು ಇದೇ ತಕ್ಕ ಹೊತ್ತು, ಏಕೆಂದರೆ ಉಂಗುರವನ್ನು ಇನ್ನೂ ಹಿಂದೆ ಮುಂದೆ ಸರಿಸಬಹುದು. ತೆರೆದ ಬದಿಗಳಿಗೆ ರಟ್ಟು ಅಂಟಿಸಿ, ಲೀಟರ್ ಗೊತ್ತಿರುವ ಬಕೆಟ್ಟಿನಿಂದ ಥರ್ಮಾಕೋಲ್ ಗುಂಡುಗಳನ್ನು ಉಂಗುರದ ಬಾಯಿಯಿಂದ ಸುರಿದು ಎಣಿಸಿರಿ. ಬಂದ ಲೆಕ್ಕದಿಂದ ಸ್ಪೀಕರಿನ ಮ್ಯಾಗ್ನೆಟ್ ಮತ್ತು ಬುಟ್ಟಿ ಆಕ್ರಮಿಸುವ ಗಾತ್ರವನ್ನು ಕಳೆಯಬೇಕು. ಅದು ಸ್ಪೀಕರಿನ ಹಾಳೆಯಲ್ಲಿ ನಮೂದಾಗಿರುತ್ತದೆ.

ಅಳತೆ ಒಪ್ಪಿದ ಮೇಲೆ ಹಿಗ್ಗುವ ಫ್ಲೀಸ್ ಬಟ್ಟೆಯನ್ನು ಉಂಗುರದಿಂದ ಬೆನ್ನಿನ ಅಂಚಿನವರೆಗೆ ಸುಕ್ಕಿಲ್ಲದಂತೆ ಎಳೆದು, ಉಂಗುರಕ್ಕೆ ಸ್ಟೇಪಲ್ ಹೊಡೆದು, ಅಂಚಿಗೆ ಅಂಟಿನಿಂದ ಹಿಡಿಸಿ. ಇದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹಂತ. ಬಟ್ಟೆ ಬಿಗಿಯಾದೊಡನೆ ಪೆಟ್ಟಿಗೆಯ ರೂಪ ಕಣ್ಣೆದುರು ಮೂಡುತ್ತದೆ. ಬಟ್ಟೆ ರೆಸಿನ್ ಬಹಳ ಕುಡಿಯುತ್ತದೆ, ಒಳಮೈಯವರೆಗೆ ನೆನೆಯುವಷ್ಟು ಕುಡಿಸಲೇಬೇಕು. ಅದು ಗಟ್ಟಿಯಾದ ಮೇಲೆ ಉಂಗುರದ ಬಾಯಿಯಿಂದ ಕೈ ಹಾಕಿ ಒಳಗಿನಿಂದ ಮ್ಯಾಟ್‌ನ ಪದರಗಳನ್ನು ಕೂರಿಸಿ, ಮುಂಭಾಗಕ್ಕೂ ಬೆನ್ನಿನ ದಪ್ಪವೇ ಬರುವಂತೆ ನೋಡಿಕೊಳ್ಳಿ. ಕೊನೆಗೆ ಪುಟ್ಟಿಯನ್ನು ರೆಸಿನ್‌ನಲ್ಲಿ ತೆಳ್ಳಗೆ ಕಲಸಿ ಒಳಗೆ ಸುರಿದು, ಪೆಟ್ಟಿಗೆಯನ್ನು ತಿರುಗಿಸುತ್ತಾ ಕೂಡುಗೆರೆಗಳ ಮೇಲೆಲ್ಲ ಹರಿಸಿದರೆ, ಕಣ್ಣಿಗೆ ಕಾಣದ ಸೂಜಿರಂಧ್ರಗಳೂ ಮುಚ್ಚುತ್ತವೆ.

ಹೊರಮೈಗೆ ಪುಟ್ಟಿ ಹಚ್ಚಿ 80, 120, 220 ನಂಬರುಗಳ ಸ್ಯಾಂಡ್‌ಪೇಪರಿನಿಂದ ಕ್ರಮವಾಗಿ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹೊಡೆಯಬಹುದು. ಕಾರ್ಪೆಟ್ ಹೊದಿಸುವುದಾದರೆ ಅಷ್ಟು ನಯ ಬೇಕಿಲ್ಲ.

ಸ್ಪೀಕರನ್ನು ಕೂರಿಸುವ ಮೊದಲು ಪೆಟ್ಟಿಗೆಯನ್ನು ಒಂದು ವಾರ ಗಾಳಿಗೆ ಬಿಡಿ, ಸ್ಟೈರೀನ್ ವಾಸನೆ ಪೂರ್ತಿ ಆರಬೇಕು. ಟರ್ಮಿನಲ್ ಸುತ್ತ ಸಿಲಿಕೋನ್, ಸ್ಪೀಕರಿನ ಅಂಚಿನ ಕೆಳಗೆ ಫೋಮ್ ಪಟ್ಟಿ ಹಾಕಿ ಬಿಗಿಯಿರಿ. ನಂತರ ಎರಡೂ ಕೈಗಳ ಬೆರಳುಗಳಿಂದ ಕೋನ್ ಅನ್ನು ಸಮನಾಗಿ, ಮೆಲ್ಲಗೆ ಒತ್ತಿ ಹಿಡಿಯಿರಿ. ಗಾಳಿ ಬಿಗಿಯಾಗಿದ್ದರೆ ಒತ್ತಡ ಕೈಗೆ ತಿಳಿಯುತ್ತದೆ. ಹಿಡಿದಿರುವಾಗಲೇ ಆ ಒತ್ತಡ ಬೇಗ ಸಡಿಲಗೊಂಡರೆ ಸೋರಿಕೆ ಇದೆ, ಸಾಬೂನು ನೀರು ಸವರಿ ಗುಳ್ಳೆ ಏಳುವ ಜಾಗವನ್ನು ಹುಡುಕಿ.

ಪೆಟ್ಟಿಗೆಯನ್ನು ಕಾರಿನ ಲೋಹದ ಮೈಗೆ ಬೋಲ್ಟ್‌ನಿಂದ ಭದ್ರಪಡಿಸಲೇಬೇಕು. ಸಡಿಲವಾಗಿರುವ ಹದಿನೈದು ಕಿಲೋ ಭಾರ ಅಪಘಾತದಲ್ಲಿ ಸೀಟಿನ ಮೇಲೆ ಬಂದು ಅಪ್ಪಳಿಸುತ್ತದೆ. ನೆಲಕ್ಕೆ ರಂಧ್ರ ಕೊರೆಯುವ ಮುನ್ನ ಕಾರಿನಡಿ ಬಗ್ಗಿ, ಅಲ್ಲಿ ಇಂಧನದ ಟ್ಯಾಂಕ್, ಕೊಳವೆ ಅಥವಾ ಬ್ರೇಕಿನ ನಳಿಗೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊರೆದ ಅಂಚಿಗೆ ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ. ಒಂದು ತಿಂಗಳ ಓಡಾಟದ ಬಳಿಕ ಬೋಲ್ಟುಗಳನ್ನೂ ಸ್ಪೀಕರಿನ ತಿರುಪುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿರಿ, ಏಕೆಂದರೆ ಅಷ್ಟರೊಳಗೆ ಫೋಮ್ ಪಟ್ಟಿ ಸ್ವಲ್ಪ ಅಮುಕಿಕೊಂಡು ಅವು ಸಡಿಲವಾಗಿರುತ್ತವೆ.