ಟವರ್ ಸತ್ತಾಗ ಫೋನಿನಿಂದ ಫೋನಿಗೆ ಸಂದೇಶ ದಾಟಿಸುವುದು ಹೀಗೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಮೊದಲು ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಕೆಲವೇ ತಾಸು ತಡೆಯುತ್ತದೆ. ರಸ್ತೆ ಮುಳುಗಿದ್ದರೆ ಡೀಸೆಲ್ ಕೂಡ ಬರುವುದಿಲ್ಲ. ಆಗ ಉಳಿಯುವುದು ಜನರ ಕೈಯಲ್ಲಿರುವ ಫೋನುಗಳು. ಅವುಗಳ ಬ್ಲೂಟೂತ್ ಮತ್ತು ವೈಫೈಯನ್ನೇ ಒಂದಕ್ಕೊಂದು ಜೋಡಿಸಿ ಅಗಸಿಯಿಂದ ಗಂಜಿ ಕೇಂದ್ರದವರೆಗೆ ಸಂದೇಶ ದಾಟಿಸಬಹುದು. ಇದಕ್ಕೆ ಮೆಶ್ ಎನ್ನುತ್ತಾರೆ. ಮೃಗಶಿರಾ ಕೂಡುವ ಮುಂಚೆಯೇ ಕಟ್ಟಿ, ಪರೀಕ್ಷಿಸಿ ಇಡಿ.

ಆ್ಯಪ್ ಹಾಕುವುದು

ಆಂಡ್ರಾಯ್ಡ್ ಫೋನುಗಳಿಗೆ ಬ್ರಯರ್ ಹಾಕಿ. ಐಫೋನಿಗೆ ಅದು ಸಿಗುವುದಿಲ್ಲ. ಐಫೋನ್ ಇರುವವರು ಬಿಟ್‌ಚಾಟ್ ಹಾಕಿಕೊಳ್ಳಬೇಕು, ಅದು ಆಂಡ್ರಾಯ್ಡ್‌ನಲ್ಲೂ ನಡೆಯುತ್ತದೆ. ಇವೆರಡೂ ಒಂದರೊಡನೊಂದು ಮಾತಾಡುವುದಿಲ್ಲ, ಹಾಗಾಗಿ ಊರಿಗೆ ಒಂದನ್ನೇ ಆರಿಸಿ. ಬಿಟ್‌ಚಾಟ್‌ನಲ್ಲಿ ಸಂದೇಶ ಗರಿಷ್ಠ 7 ಫೋನುಗಳನ್ನು ಹಾರಿ ಹೋಗುತ್ತದೆ, ಜಾತ್ರೆಯ ಜನಜಂಗುಳಿಗೆ ಒಳ್ಳೆಯದು. ಆದರೆ ಅದರ ಸಾರ್ವಜನಿಕ ಹರಟೆಯನ್ನು ಸುತ್ತಲಿನ ಯಾರಾದರೂ ಓದಬಹುದು. ಯಾವ ಮನೆ ಖಾಲಿ ಬಿದ್ದಿದೆ ಎಂಬ ಸುದ್ದಿಯನ್ನು ಅಲ್ಲಿ ಹಾಕಲೇಬೇಡಿ.

ಫೋನನ್ನು ರೂಟ್ ಮಾಡಿ (ಕಂಪನಿ ಹಾಕಿದ ಬೀಗ ಮುರಿದು) ವೈಫೈಯನ್ನು ಆ್ಯಡ್‌ಹಾಕ್‌ಗೆ, ಅಂದರೆ ಫೋನು ಫೋನು ನೇರವಾಗಿ ಜೋಡುವ ಬಗೆಗೆ, ತಿರುಗಿಸಿ ಎನ್ನುವ ವಿಡಿಯೊಗಳನ್ನು ನಂಬಿ ಕೈ ಹಾಕಬೇಡಿ. ಆಂಡ್ರಾಯ್ಡ್ ಆ ಸೌಲಭ್ಯವನ್ನು ಸಾಮಾನ್ಯ ಆ್ಯಪ್‌ಗಳಿಗೆ ಕೊಟ್ಟಿಲ್ಲ. ರೂಟ್ ಮಾಡಿದ ಫೋನಿನಲ್ಲಿ ಬ್ಯಾಂಕಿನ ಎಷ್ಟೋ ಆ್ಯಪ್‌ಗಳು ತೆರೆಯುವುದೂ ಇಲ್ಲ.

ಜೋಡಿಸುವುದು

ಅಕ್ಕಪಕ್ಕದ ಇಬ್ಬಿಬ್ಬರು ಎದುರು ಕುಳಿತು ಪರಸ್ಪರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಕೊಳ್ಳಲಿ. ಬಳಿಕ ಬ್ರಯರ್‌ನಲ್ಲಿ ಒಂದು ಫೋರಂ (ಎಲ್ಲರೂ ಬರೆದು ಓದುವ ಹರಟೆಕಟ್ಟೆ) ತೆರೆದು ಒಬ್ಬರಿಂದೊಬ್ಬರಿಗೆ ಹಂಚಿ. ಫೋರಂ ಯಾಕೆಂದರೆ, ಬ್ರಯರ್‌ನ ಖಾಸಗಿ ಸಂದೇಶ ನಡುವಿನವರ ಫೋನನ್ನು ದಾಟಿ ಹೋಗುವುದಿಲ್ಲ. ಫೋರಂನಲ್ಲಿ ಬರೆದದ್ದನ್ನಾದರೆ ನಡುವಿನ ಫೋನು ಹೊತ್ತುಕೊಂಡು ಮುಂದಿನವರಿಗೆ ಮುಟ್ಟಿಸುತ್ತದೆ. ಇದನ್ನು ತಿಳಿಯದೆ ಆ್ಯಪೇ ಸರಿಯಿಲ್ಲವೆಂದು ತೆಗೆದುಹಾಕುವವರೇ ಹೆಚ್ಚು. ಬೈಕಿನಲ್ಲಿ ಪಕ್ಕದ ತೋಟದ ವಸ್ತಿಗೆ ಹೋಗಿಬರುವ ಒಬ್ಬರ ಫೋನಿದ್ದರೂ ಸಾಕು, ಸುದ್ದಿ ಅವರ ಜೊತೆಗೇ ಹೋಗಿ ಬರುತ್ತದೆ.

ಬ್ರಯರ್‌ನ ಪಾಸ್‌ವರ್ಡ್ ಮರೆತರೆ ಖಾತೆ ಮರಳಿ ಸಿಗುವುದಿಲ್ಲ. ಕಾಗದದಲ್ಲಿ ಬರೆದಿಡಿ.

ಫೋನನ್ನು ಎಚ್ಚರವಾಗಿಡುವುದು

ಎಲ್ಲರೂ ಎಡವುವುದು ಇಲ್ಲೇ. ಪರದೆ ಆರಿದ ಮೇಲೆ ಬ್ಯಾಟರಿ ಉಳಿಸಲೆಂದು ಫೋನು ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತದೆ. ನಡುವಿನ ಒಂದು ಫೋನು ಹೀಗೆ ನಿದ್ದೆಹೋದರೆ ಅದರಾಚೆಯವರೆಲ್ಲ ಕಡಿದುಹೋದರು. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪಿನ ಬ್ಯಾಟರಿ ಬಳಕೆಯನ್ನು ಅನ್‌ರಿಸ್ಟ್ರಿಕ್ಟೆಡ್ ಮಾಡಿ. ಶಿಯೋಮಿ, ವಿವೋ, ಒಪ್ಪೊ, ರಿಯಲ್‌ಮಿ ಫೋನುಗಳಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ: ಆಟೊಸ್ಟಾರ್ಟ್‌ಗೆ ಅನುಮತಿ ಕೊಡಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಅದಕ್ಕೆ ಬೀಗದ ಗುರುತು ಹಾಕಿ. ಆಂಡ್ರಾಯ್ಡ್ 12 ಮತ್ತು ನಂತರದ ಫೋನುಗಳಲ್ಲಿ ನಿಯರ್‌ಬೈ ಡಿವೈಸಸ್ ಅನುಮತಿ ಬೇಕು. ಅದಕ್ಕಿಂತ ಹಳೆಯದರಲ್ಲಿ ಲೊಕೇಶನ್ ಅನುಮತಿ ಕೊಟ್ಟು, ಲೊಕೇಶನ್ ಹಚ್ಚಿಯೂ ಇಡಬೇಕು.

ಚಾರ್ಜ್ ಇಳಿದು ಆರಿದ ಫೋನನ್ನು ಮತ್ತೆ ಹಚ್ಚಿದಾಗ ಬ್ರಯರ್ ತಾನಾಗಿ ಏಳುವುದಿಲ್ಲ. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು.

ಈಗ ಪರೀಕ್ಷೆ. ಎಲ್ಲ ಫೋನುಗಳನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮತ್ತು ವೈಫೈ ಮಾತ್ರ ಮತ್ತೆ ಹಚ್ಚಿ. ಇಷ್ಟು ಮಾಡದಿದ್ದರೆ ಪರೀಕ್ಷೆಯೇ ಸುಳ್ಳು: ಇಂಟರ್ನೆಟ್ ಸಿಕ್ಕರೆ ಬ್ರಯರ್ ಟಾರ್ ಎಂಬ ಇಂಟರ್ನೆಟ್ ಜಾಲದ ಮೂಲಕ ಸಂದೇಶ ಕಳಿಸುತ್ತದೆ, ನೀವು ಮೆಶ್ ನಡೆಯಿತೆಂದು ಹಿಗ್ಗುತ್ತೀರಿ, ನೀರು ಬಂದ ದಿನ ಏನೂ ಹೋಗುವುದಿಲ್ಲ. ಮನೆಯ ವೈಫೈಗೂ ಸೇರಿರಬಾರದು. ಮೂವರು ಒಂದೇ ಸಾಲಿನಲ್ಲಿ ನಿಲ್ಲಿ. ತುದಿಯ ಇಬ್ಬರು ಒಬ್ಬರಿಗೊಬ್ಬರು ಸಿಗದಷ್ಟು ದೂರವಿರಲಿ. ಅರ್ಧ ತಾಸು ಪರದೆ ಆರಿಸಿಟ್ಟು ಒಂದು ತುದಿಯಿಂದ ಫೋರಂನಲ್ಲಿ ಬರೆಯಿರಿ. ಇನ್ನೊಂದು ತುದಿಗೆ ಬಂತೇ? ನಡುವಿನ ಫೋನನ್ನು ಆರಿಸಿ ಮತ್ತೊಂದು ಸಾಲು ಬರೆಯಿರಿ. ಇದು ಮುಟ್ಟಬಾರದು. ನಡುವಿನವರು ಮರಳಿ ಒಳಬಂದ ಮೇಲೆ ಮುಟ್ಟಬೇಕು. ಕೆಲವು ನಿಮಿಷ ತಡವಾಗುವುದು ಸಹಜ, ವಾಟ್ಸ್‌ಆ್ಯಪ್ ವೇಗ ನಿರೀಕ್ಷಿಸಬೇಡಿ.

ಎಲ್ಲಿ ಇಡುವುದು

ಬಯಲಿನಲ್ಲಿ ಬ್ಲೂಟೂತ್‌ಗೆ 20 ಮೀಟರ್ ಎಂದು ಹಿಡಿಯಿರಿ. 120 ಮೀಟರ್ ಓಣಿಗೆ 7 ಫೋನು ಬೇಕಾಗುತ್ತವೆ. ನಮ್ಮ ಕಡೆಯ ದಪ್ಪ ಕಲ್ಲುಗೋಡೆಯ ಮನೆಯೊಳಗಿಟ್ಟರೆ ಈ ಲೆಕ್ಕ ನಡೆಯುವುದಿಲ್ಲ, ಪತ್ರಾಸ್ ಹೊದಿಸಿದ ಶೆಡ್ಡಿನಲ್ಲಿ ಇನ್ನೂ ಕಡೆ. ನೆನೆದು ನಿಂತ ಕಬ್ಬು ಕೂಡ ಸಿಗ್ನಲ್ ನುಂಗುತ್ತದೆ. ಜೇಬಿನಲ್ಲಿಟ್ಟರೆ ಮೈಯೇ ಅಡ್ಡ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಳೆತ್ತರಕ್ಕಿಂತ ಮೇಲೆ, ಕಿಟಕಿಗೋ ಮಾಳಿಗೆಯ ಅಂಚಿಗೋ ಕಟ್ಟಿ.

ಅಂತರ ಹೆಚ್ಚಿದ್ದರೆ ಮಾಳಿಗೆಯ ಮೇಲಿನ ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ಉಳಿದವರು ಸೇರಿಕೊಳ್ಳಲಿ. ಯಾರೂ ಸೇರದಿದ್ದರೆ ತಾನೇ ಆರುವ ಆಯ್ಕೆಯನ್ನು ಅದರಲ್ಲಿ ತೆಗೆದುಹಾಕಿ. ಸೇರಿದ ಫೋನುಗಳು ‘ಇಂಟರ್ನೆಟ್ ಇಲ್ಲ, ಮುಂದುವರಿಯಲೇ?’ ಎಂದು ಕೇಳಿದಾಗ ಹೌದೆನ್ನಿ, ಇಲ್ಲವಾದರೆ ಬಿಟ್ಟುಹೋಗುತ್ತವೆ.

ಫೋನಿನ ಬೆನ್ನಿಗೆ ಅಂಟಿಸುವ ಸಿಗ್ನಲ್ ಬೂಸ್ಟರ್ ಸ್ಟಿಕರ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಚಾರ್ಜ್

10,000 ಎಂಎಎಚ್ ಪವರ್‌ಬ್ಯಾಂಕ್ 5,000 ಎಂಎಎಚ್ ಫೋನನ್ನು ಎರಡು ಸಲ ತುಂಬುವುದಿಲ್ಲ, ಒಂದೂವರೆ ಸಲಕ್ಕಿಂತ ಹೆಚ್ಚು ಸಿಗದು. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಗೆ ಕಾರ್ ಚಾರ್ಜರ್ ಹಾಕಿಕೊಳ್ಳುವ ವ್ಯವಸ್ಥೆ ಮೊದಲೇ ಮಾಡಿಡಿ. ಇಲ್ಲದ ಟವರನ್ನು ಹುಡುಕುವುದರಲ್ಲೇ ಫೋನಿನ ಬ್ಯಾಟರಿ ಸೋರುತ್ತದೆ, ಆದ್ದರಿಂದ ನಿಜವಾದ ಪ್ರವಾಹದಲ್ಲೂ ಏರೋಪ್ಲೇನ್ ಮೋಡ್‌ನಲ್ಲೇ ಇರಿ. ಒಂದು ಫೋನನ್ನು ಮಾತ್ರ ಹಾಗೆ ಮಾಡದೆ ಎತ್ತರದಲ್ಲಿಟ್ಟುಕೊಳ್ಳಿ. ಟವರ್ ಮರಳಿದೊಡನೆ 112ಕ್ಕೆ ಕರೆ ಅದರಿಂದಲೇ ಹೋಗಲಿ.