ಮಲೆನಾಡಿನ ತೇವದಲ್ಲಿ ಡ್ರೆಡ್ಸ್ ಮತ್ತು ಬ್ರೇಡ್ಸ್: ನಾನು ಮಾಡುವ ರೀತಿ

ಶಿವಮೊಗ್ಗ ಪೇಟೆಯವರು ಹೆಬ್ಬೆರಳು ದಪ್ಪದ ಡ್ರೆಡ್ಸ್, ಅಂದರೆ ಜಟೆಯ ಹಾಗೆ ಗಂಟು ಹಿಡಿಸಿದ ಕೂದಲು, ಬೇಕೆಂದರೆ ಹಾಕಿಕೊಡುತ್ತೇನೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಎಷ್ಟೇ ಕೇಳಿದರೂ ಕಿರುಬೆರಳಿಗಿಂತ ದಪ್ಪ ಹಾಕುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಒಗೆದು ಹಾಕಿದ ಪಂಚೆಯೇ ಮೂರು ದಿನವಾದರೂ ಒಣಗದ ಊರಿನಲ್ಲಿ, ಗಟ್ಟಿಯಾಗಿ ಹೆಣೆದುಕೊಂಡ ಕೂದಲಿನ ಒಳಗಿನ ನೀರು ಎಲ್ಲಿ ಒಣಗೀತು? ಹೊರಗೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ಬೂಷ್ಟು ಹಿಡಿದಿರುತ್ತದೆ. ಹಾಗಾಗಿ ದಪ್ಪ ಎಷ್ಟು, ತೊಳೆಯುವುದು ಯಾವಾಗ, ಬ್ರೇಡ್ (ಬಿಗಿಯಾಗಿ ಹೆಣೆದ ಸಣ್ಣ ಜಡೆ) ಎಷ್ಟು ವಾರ ಇಡಬಹುದು, ಎಲ್ಲವನ್ನೂ ಇಲ್ಲಿ ಒಣಗುವ ಲೆಕ್ಕದಲ್ಲೇ ತೀರ್ಮಾನಿಸಬೇಕು.

ನಮ್ಮ ಕಡೆ ಹೆಚ್ಚಿನವರದು ನೇರ ಕೂದಲು, ಇಲ್ಲವೇ ಸ್ವಲ್ಪ ಅಲೆ ಇರುವ ಕೂದಲು. ನೇರ ಕೂದಲಿನ ಎಳೆ ಅಡ್ಡ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ಗುಂಡಗಿರುತ್ತದೆ, ಬಿಗಿ ಸುರುಳಿಯ ಕೂದಲಿನದು ಚಪ್ಪಟೆ. ಗುಂಡನೆಯ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ತಾವಾಗಿ ಗಂಟು ಬೀಳುವುದಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಅನೇಕರ ಕೂದಲಿನಂಥ ಬಿಗಿ ಸುರುಳಿ ಇದ್ದರೆ ಅರ್ಧ ಕೆಲಸ ಕೂದಲೇ ಮಾಡಿಕೊಳ್ಳುತ್ತದೆ. ಅಂಥ ಕೂದಲಿಗೆಂದು ಹೇಳಿದ ವಿಧಾನವನ್ನು ವಿಡಿಯೋ ನೋಡಿ ನೇರ ಕೂದಲಿಗೆ ಮಾಡಿದರೆ ಎರಡನೇ ಸ್ನಾನಕ್ಕೆ ಬಿಚ್ಚಿಹೋಗುತ್ತದೆ. ಆಗ ಅದನ್ನು ನಿಲ್ಲಿಸಲು ವ್ಯಾಕ್ಸ್ ಹಚ್ಚುತ್ತಾರೆ. ವ್ಯಾಕ್ಸ್ ನೀರಿಗೆ ಕರಗುವುದಿಲ್ಲ, ಧೂಳು ದಾರವನ್ನೆಲ್ಲ ಹಿಡಿದುಕೊಳ್ಳುತ್ತದೆ, ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಮಲೆನಾಡಿನಲ್ಲಿ ವ್ಯಾಕ್ಸ್ ಹಚ್ಚಿದ ಡ್ರೆಡ್ ಅಂದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ.

ನೇರ ಕೂದಲಿಗೆ ನಾನು ಮಾಡುವುದು ಬ್ಯಾಕ್‌ಕೋಂಬ್ (ಬುಡದ ಕಡೆಗೆ ಉಲ್ಟಾ ಬಾಚುವುದು) ಮತ್ತು ಕ್ರೋಶಾ ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವ ಕಡ್ಡಿ), ಎರಡೂ ಸೇರಿಸಿ. ಕೂದಲು ಕನಿಷ್ಠ 15 ಸೆಂಟಿಮೀಟರ್ ಇರಬೇಕು, 25 ಇದ್ದರೆ ಕೆಲಸ ಸಲೀಸು. ಹಾಕಿದ ಮೇಲೆ ಉದ್ದದಲ್ಲಿ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗುವುದು ಬೇಡ. ಒಂದು ವಾರ ಮುಂಚಿನಿಂದ ಎಣ್ಣೆ ಬಂದ್. ಹಿಂದಿನ ದಿನ ಜಿಡ್ಡನ್ನೆಲ್ಲ ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂವಿನಲ್ಲಿ ಎರಡು ಸಲ ತೊಳೆದು, ಕಂಡೀಷನರ್ ಹಾಕದೆ, ಪೂರ್ತಿ ಒಣಗಿಸಿಕೊಂಡು ಬರಬೇಕು. ಬೆರಳಿನ ನಡುವೆ ಎಳೆದರೆ ಕೂದಲು ಕಿರ್ ಅನ್ನಬೇಕು. ಸ್ಮೂತನಿಂಗ್ ಅಥವಾ ರೀಬಾಂಡಿಂಗ್ ಮಾಡಿಸಿದ ಕೂದಲಾದರೆ ಆ ಭಾಗ ಬೆಳೆದು ಕತ್ತರಿಸುವವರೆಗೆ ಕಾಯಿಸುತ್ತೇನೆ. ಅದು ಗಂಟು ಹಿಡಿಯುವುದಿಲ್ಲ, ಕಡ್ಡಿ ತಾಗಿದರೆ ತುಂಡಾಗುತ್ತದೆ.

ಬೈತಲೆ ತೆಗೆಯುವುದು ಕತ್ತಿನ ಹಿಂಭಾಗದಿಂದ ಮೇಲಕ್ಕೆ. ಚೂಪು ಹಿಡಿಯ ಟೇಲ್ ಕೋಂಬ್‌ನಲ್ಲಿ 2 ಸೆಂಟಿಮೀಟರ್ ಚೌಕ, ಇಟ್ಟಿಗೆ ಸಾಲಿನ ಕ್ರಮದಲ್ಲಿ. ಮೇಲಿನ ಸಾಲಿನ ಚೌಕ ಕೆಳಗಿನ ಎರಡು ಚೌಕಗಳ ಗೆರೆಯ ಮೇಲೆ ಬಂದರೆ ನೆತ್ತಿಯ ಗೆರೆಗಳು ಕಾಣುವುದಿಲ್ಲ. ಹೀಗೆ ಇಡೀ ತಲೆಗೆ 45ರಿಂದ 60 ಡ್ರೆಡ್ ಬರುತ್ತವೆ. ಹಣೆ ಅಂಚಿನ ಸಣ್ಣ ಕೂದಲನ್ನು ಸೇರಿಸದೆ ಬಿಡುತ್ತೇನೆ. ಆ ಎಳೆಗಳಿಗೆ ಡ್ರೆಡ್‌ನ ಭಾರ ಹೊರುವ ಶಕ್ತಿ ಇಲ್ಲ.

ಒಂದು ಚೌಕದ ಕೂದಲನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಬುಡದಿಂದ 2 ಸೆಂಟಿಮೀಟರ್ ದೂರದಲ್ಲಿ ಸಣ್ಣ ಹಲ್ಲಿನ ಸ್ಟೀಲ್ ಬಾಚಣಿಗೆ ಇಟ್ಟು ಬುಡದ ಕಡೆಗೆ ಒತ್ತುತ್ತಾ ಹೋಗಬೇಕು. ಅಲ್ಲಿ ಗಿಡ್ಡನೆಯ ಉಂಡೆ ಕಟ್ಟಿಕೊಳ್ಳುತ್ತದೆ. ಅದನ್ನು ಎಡಗೈ ಬೆರಳಲ್ಲಿ ಬಿಗಿಹಿಡಿದು ಮುಂದಿನ ಸೆಂಟಿಮೀಟರ್. ತುದಿಯವರೆಗೂ ಇದೇ ಕ್ರಮ, ಅವಸರ ಮಾಡಿದರೆ ನಡುವೆ ಟೊಳ್ಳು ಉಳಿಯುತ್ತದೆ. ಆಮೇಲೆ ಕಡ್ಡಿ. ತೆಳು ಕೂದಲಿಗೆ 0.5 ಮಿಲಿಮೀಟರ್, ದಪ್ಪ ಕೂದಲಿಗೆ 0.75. ಸ್ವೆಟರ್ ಹೆಣೆಯುವ ದೊಡ್ಡ ಕಡ್ಡಿಯಿಂದ ಈ ಕೆಲಸ ಆಗುವುದಿಲ್ಲ. ಡ್ರೆಡ್ ಅನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಒತ್ತಿ ಹಿಡಿದು, ಕಡ್ಡಿಯನ್ನು ಓರೆಯಾಗಿ ಚುಚ್ಚಿ, ಆ ಕಡೆ ಸಿಕ್ಕ ನಾಲ್ಕೈದು ಸಡಿಲ ಎಳೆಯನ್ನು ಈ ಕಡೆಗೆ ಎಳೆಯಬೇಕು. ಕೈಯಾಡಿಸುವುದು ಚಿಕ್ಕದಾಗಿ, ಬೇಗ ಬೇಗ. ಡ್ರೆಡ್ ಅನ್ನು ತಿರುಗಿಸುತ್ತಾ ಇರಬೇಕು, ಒಂದೇ ಕಡೆ ಚುಚ್ಚಿದರೆ ಅದು ಚಪ್ಪಟೆಯಾಗುತ್ತದೆ. ಚಟ್ ಎಂದು ಸದ್ದು ಬಂದರೆ ಕೂದಲು ತುಂಡಾಯಿತು ಎಂದು ಅರ್ಥ. ಆಗ ಕಡ್ಡಿಯನ್ನು ಇನ್ನಷ್ಟು ಓರೆ ಮಾಡಿ ಕಡಿಮೆ ಎಳೆ ಹಿಡಿಯಬೇಕು.

ಎಲ್ಲಿ ನಿಲ್ಲಿಸಬೇಕು ಎನ್ನುವುದು ಹೊಸಬರಿಗೆ ತಿಳಿಯುವುದಿಲ್ಲ. ಗಟ್ಟಿಯಾದಷ್ಟೂ ಒಳ್ಳೆಯದು ಅಂದುಕೊಂಡು ಕೋಲಿನ ಹಾಗೆ ಮಾಡಿಬಿಡುತ್ತಾರೆ. ಮುಗಿದ ಡ್ರೆಡ್ ಅನ್ನು ಎರಡು ಬೆರಳಲ್ಲಿ ಮಡಚಿದರೆ ಸುಲಭವಾಗಿ ಬಾಗಬೇಕು, ಒತ್ತಿದರೆ ತುಸು ಕುಗ್ಗಬೇಕು. ಬಾಗದ ಡ್ರೆಡ್ ಬಾಗುವ ಜಾಗದಲ್ಲೇ ಮುರಿಯುತ್ತದೆ, ನಮ್ಮ ಹವೆಗೆ ಒಣಗುವುದೂ ಇಲ್ಲ. ಒಂದಕ್ಕೆ 10ರಿಂದ 15 ನಿಮಿಷ, ಇಡೀ ತಲೆಗೆ ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಎರಡು ದಿನಕ್ಕೆ ಹಂಚಿದರೆ ಕುಳಿತವರ ಕತ್ತಿಗೂ ಒಳ್ಳೆಯದು, ಮಾಡುವವರ ಬೆರಳಿಗೂ.

ಗುಂಗುರು ಕೂದಲಿಗೆ ಬಾಚಣಿಗೆ ಬೇಕಿಲ್ಲ. ಚೌಕದ ಕೂದಲನ್ನು ತಿರುಚಿ, ತುದಿಯನ್ನು ಎರಡು ಪಾಲು ಮಾಡಿ, ಎರಡೂ ಕಡೆಗೆ ಎಳೆದರೆ ಸಿಕ್ಕು ಬುಡದ ಕಡೆಗೆ ಸರಿಯುತ್ತದೆ. ಪಾಲು ಬದಲಿಸುತ್ತಾ ಐದಾರು ನಿಮಿಷ ಎಳೆದರೆ ಒಂದು ಡ್ರೆಡ್. ಕಡ್ಡಿ ಕೊನೆಗೆ ಬಿಟ್ಟುಹೋದ ಎಳೆ ಸೇರಿಸಲು ಮಾತ್ರ. ಬಿಗಿ ಸುರುಳಿಯ ಕೂದಲಿಗೆ ಇನ್ನೂ ಕಡಿಮೆ ಕೆಲಸ: ಒದ್ದೆ ಇದ್ದಾಗ 1ರಿಂದ 1.5 ಸೆಂಟಿಮೀಟರ್ ಚೌಕ ತೆಗೆದು, ಸ್ವಲ್ಪ ಲೋಳೆಸರದ ಜೆಲ್ ಹಚ್ಚಿ, ಬಾಚಣಿಗೆಯ ತುದಿಯಿಂದ ಬುಡದಿಂದಲೇ ಒಂದೇ ದಿಕ್ಕಿಗೆ ಸುರುಳಿ ಸುತ್ತಿ ಒಣಗಲು ಬಿಡುವುದು. ಮೊದಲ ಎರಡು ಮೂರು ವಾರ ನೆಟ್ ಕಟ್ಟಿಕೊಂಡೇ ತೊಳೆಯಬೇಕು. ಒಳಗೆ ಗಂಟು ಕಟ್ಟಲು ಮೂರರಿಂದ ಆರು ತಿಂಗಳು ಬೇಕು. ಬುಡವನ್ನು ಮತ್ತೆ ತಿರುಚುವುದು ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು. ಚೆಂದ ಕಾಣಲೆಂದು ವಾರ ವಾರ ತಿರುಚಿದರೆ ಬುಡ ಸಣ್ಣಗಾಗಿ ಡ್ರೆಡ್ ಕಳಚಿ ಕೈಗೇ ಬರುತ್ತದೆ.

ಇನ್ನು ತೊಳೆಯುವುದು. ಡ್ರೆಡ್ಸ್ ಇದ್ದರೆ ತಲೆ ತೊಳೆಯಬಾರದು ಎನ್ನುವುದು ಸುಳ್ಳು. ಎಣ್ಣೆ ಜಿಡ್ಡಿನ ಕೂದಲು ಜಾರುತ್ತದೆ, ಶುಭ್ರ ಕೂದಲು ಬೇಗ ಗಂಟು ಹಿಡಿಯುತ್ತದೆ. ಹಾಕಿದ ಮೇಲೆ ಮೊದಲ ಸ್ನಾನ ಹತ್ತು ದಿನ ಬಿಟ್ಟು, ಆಮೇಲೆ ವಾರಕ್ಕೊಂದು ಸಲ. ಜಡಿಮಳೆಯ ತಿಂಗಳುಗಳಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆಯಾದರೂ ಪರವಾಗಿಲ್ಲ, ಹೊಳವು ಕಂಡ ದಿನ ನೋಡಿ. ಬೆಳಿಗ್ಗೆ ಹತ್ತರೊಳಗೆ ಮುಗಿಸಬೇಕು, ರಾತ್ರಿ ಸ್ನಾನ ಬೇಡವೇ ಬೇಡ. ಶಾಂಪೂವನ್ನು ನೀರಲ್ಲಿ ಕಲಸಿ ನೆತ್ತಿಗೆ ಮಾತ್ರ ಹಚ್ಚಿ, ನೊರೆ ಕೆಳಗಿಳಿಯಲು ಬಿಡಿ. ನಮ್ಮ ಬಾವಿ ನೀರು, ಅಬ್ಬಿ ನೀರು ಮೆದು, ನೊರೆ ಜಾಸ್ತಿ. ಹಾಗಾಗಿ ಶಾಂಪೂ ಅರ್ಧ ಸಾಕು, ನೀರು ಎರಡು ಪಟ್ಟು ಬೇಕು.

ಸೀಗೆಪುಡಿ ಹಚ್ಚಬಹುದಾ ಎಂದು ಪ್ರತಿಯೊಬ್ಬರ ಅಮ್ಮನೂ ಕೇಳುತ್ತಾರೆ. ಪುಡಿಯನ್ನೇ ಹಚ್ಚಿದರೆ ಅದರ ಕಣ ಡ್ರೆಡ್‌ನ ಒಳಗೆ ಕೂತು ಜನ್ಮಕ್ಕೆ ಹೊರಬರುವುದಿಲ್ಲ. ಅಂಟುವಾಳ ಒಳ್ಳೆಯದು: ಎಂಟು ಹತ್ತು ಕಾಯಿಯ ಸಿಪ್ಪೆ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ ತಣಿಸಿ. ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ದಾಸವಾಳ ಸೊಪ್ಪಿನ ಅಥವಾ ಮತ್ತಿ ಸೊಪ್ಪಿನ ಗೊಂಪು ಡ್ರೆಡ್ಸ್‌ಗೆ ಬೇಡ, ಲೋಳೆ ಒಳಗೆ ಒಣಗಿ ಪುಡಿ ಪುಡಿಯಾಗುತ್ತದೆ. ಬ್ರೇಡ್ ಹಾಕುವ ಮುಂಚೆ ಗುಂಗುರು ಕೂದಲಿನ ಸಿಕ್ಕು ಬಿಡಿಸಲು ಮಾತ್ರ ಅದು ಬಹಳ ಚೆನ್ನ. ಕೊಬ್ಬರಿ ಎಣ್ಣೆ ನೆತ್ತಿ ಒಣಗಿದ್ದರೆ ಅರ್ಧ ಚಮಚ, ಬೈತಲೆಗೆರೆಗೆ ಮಾತ್ರ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಿಗ್ಗೆ ಡ್ರೆಡ್ ತುಂಬ ಬಿಳಿ ಜಿಡ್ಡು ಕಾಣಿಸಿಕೊಳ್ಳುವುದು ಅದಕ್ಕೇ.

ಒಣಗಿಸುವಾಗ ಟರ್ಕಿ ಟವೆಲ್ ಬೇಡ, ದಾರ ಬಿಡುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಒಂದೊಂದೇ ಡ್ರೆಡ್ ಸುತ್ತಿ, ಬುಡದಿಂದ ತುದಿಗೆ ಹಿಂಡುತ್ತಾ ಬನ್ನಿ. ಪಂಚೆ ಬದಲಿಸಿ ಇನ್ನೊಮ್ಮೆ ಹಿಂಡಿ. ಆಮೇಲೆ ಹೇರ್ ಡ್ರೈಯರ್ ಹದ ಬಿಸಿಯಲ್ಲಿ ಇಪ್ಪತ್ತು ನಿಮಿಷ, ಮತ್ತೆ ಫ್ಯಾನಿನ ಕೆಳಗೆ ಕೂದಲು ಹರಡಿಕೊಂಡು ಕೂರುವುದು. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು, ಮನೆಯ ಸಣ್ಣ ಇನ್ವರ್ಟರ್ ಸಾವಿರ ವಾಟ್ ಮೀರಿದ ಡ್ರೈಯರ್ ಎಳೆಯುವುದಿಲ್ಲ. ಕರೆಂಟಿಲ್ಲದ ದಿನ ತಲೆ ತೊಳೆಯಬೇಡಿ, ಅಷ್ಟೇ. ಸಾಂಬ್ರಾಣಿ ಹೊಗೆ ಹಿಡಿದರೆ ವಾಸನೆ ಬರುತ್ತದೆಯೇ ಹೊರತು ಒಳಗಿನ ನೀರು ಹೋಗುವುದಿಲ್ಲ. ಒಣಗಿದೆಯೋ ಇಲ್ಲವೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಕತ್ತಿನ ಹಿಂದಿನ ಒಂದು ದಪ್ಪ ಡ್ರೆಡ್ ತೆಗೆದು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗಿದ್ದರೆ ಒಳಗೆ ನೀರಿದೆ. ಕೆನ್ನೆಗೆ ತಣ್ಣಗನಿಸುವುದು ನಿಲ್ಲುವ ತನಕ ಕಟ್ಟಬೇಡಿ, ಟೋಪಿ, ಹೆಲ್ಮೆಟ್ ಹಾಕಬೇಡಿ, ಮಲಗಬೇಡಿ.

ಮುಗ್ಗಲು ವಾಸನೆ ಶುರುವಾದರೆ ಉಗುರುಬೆಚ್ಚಗಿನ 5 ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ 15 ನಿಮಿಷ ಡ್ರೆಡ್ಸ್ ನೆನೆಸಿ ಹಿಂಡಿ. ನೀರು ಎಂಥ ಬಣ್ಣಕ್ಕೆ ತಿರುಗುತ್ತದೆ ಎಂದು ನೀವೇ ನೋಡಿ. ಚೆನ್ನಾಗಿ ತೊಳೆದ ಮೇಲೆ ಒಂದು ಲೀಟರ್ ನೀರಿಗೆ 100 ಮಿಲಿಲೀಟರ್ ಬಿಳಿ ವಿನೆಗರ್ ಸೇರಿಸಿ ಸುರಿದು, ಮತ್ತೆ ನೀರು. ಸೋಡಾ ಕ್ಷಾರ, ಕೂದಲನ್ನು ಒರಟು ಮಾಡುತ್ತದೆ, ವರ್ಷಕ್ಕೆ ಮೂರು ಸಲ ಮೀರಬಾರದು. ಅದಾದ ಮೇಲೂ ವಾಸನೆ ಇದ್ದರೆ ಆ ಡ್ರೆಡ್ ಅನ್ನು ಕತ್ತರಿಸುವುದೇ ಮದ್ದು. ಹೊಟ್ಟು ಬೇರೆ ಸಮಸ್ಯೆ. ಕಿಟೋಕೊನಜೋಲ್ 2% ಶಾಂಪೂ ವಾರಕ್ಕೆರಡು ಸಲ, ನೆತ್ತಿಯಲ್ಲಿ ಐದು ನಿಮಿಷ ಬಿಟ್ಟು ತೊಳೆದರೆ ಎರಡು ನಾಲ್ಕು ವಾರದಲ್ಲಿ ಹತೋಟಿಗೆ ಬರುತ್ತದೆ. ಬರದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ನೇರ ಕೂದಲಿನ ಡ್ರೆಡ್ಸ್‌ಗೆ ಎರಡು ತಿಂಗಳಿಗೊಮ್ಮೆ ಬುಡ ಹೆಣೆಯಬೇಕು. ನೆತ್ತಿಗೆ ತಾಗುವವರೆಗೆ ಹೆಣೆಯಬಾರದು, ಅರ್ಧ ಸೆಂಟಿಮೀಟರ್ ಬಿಡಬೇಕು. ಪಕ್ಕದ ಎರಡು ಡ್ರೆಡ್ ಬುಡದಲ್ಲಿ ಅಂಟಿಕೊಳ್ಳದಂತೆ ತೊಳೆದಾಗಲೆಲ್ಲ ಬೆರಳಲ್ಲಿ ಬಿಡಿಸುತ್ತಿರಿ. ಕಂಬಳಿ ಕೊಪ್ಪೆ ಹಾಕುವವರು, ಅಡಿಕೆ ಸುಲಿಯಲು ಕೂರುವವರು ತಲೆಗೆ ಹತ್ತಿ ಬಟ್ಟೆ ಕಟ್ಟಿಕೊಳ್ಳಿ. ಉಣ್ಣೆ ನಾರು ಒಮ್ಮೆ ಹೊಕ್ಕರೆ ಚಿಮಟದಲ್ಲಿ ಒಂದೊಂದೇ ಕೀಳಬೇಕು. ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದವರು ಬೈತಲೆಗೆರೆಗಳ ಉದ್ದಕ್ಕೂ ಬೆರಳಾಡಿಸಿ ಉಣುಗು ಇದೆಯೇ ನೋಡಿಸಿಕೊಳ್ಳಲೇಬೇಕು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಬಾಚದ ತಲೆಯಲ್ಲಿ ಉಣುಗು ಕಚ್ಚಿಕೊಂಡಿದ್ದರೆ ಗೊತ್ತೇ ಆಗುವುದಿಲ್ಲ.

ಬ್ರೇಡ್ಸ್ ವಿಷಯ ಸ್ವಲ್ಪ ಸುಲಭ, ಬೇಡವೆಂದಾಗ ಬಿಚ್ಚಬಹುದಲ್ಲ. ಕಾರ್ನ್‌ರೋ (ನೆತ್ತಿಗೆ ಅಂಟಿಸಿ ಸಾಲಾಗಿ ಹೆಣೆಯುವ ಜಡೆ) ನೇರ ಕೂದಲಿನಲ್ಲಿ ಹಾಗೇ ಹಾಕಿದರೆ ಒಂದು ವಾರ ನಿಂತರೆ ಹೆಚ್ಚು. ಕಾನೆಕಲಾನ್ ಎಂಬ ಸಿಂಥೆಟಿಕ್ ಕೂದಲನ್ನು ಬುಡದಿಂದ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೆಣೆದರೆ ಹಿಡಿತ ಸಿಗುತ್ತದೆ. ಮೂರೆಳೆ ಬಾಕ್ಸ್ ಬ್ರೇಡ್ (ಚೌಕ ಚೌಕ ತೆಗೆದು ಬಿಡಿಬಿಡಿಯಾಗಿ ಹೆಣೆಯುವ ಜಡೆ) ಬೇಸಿಗೆಯಲ್ಲಿ ನೇರ ಕೂದಲಿಗೆ ನಾಲ್ಕು ವಾರ, ಬಿಗಿ ಸುರುಳಿಗೆ ಆರರಿಂದ ಎಂಟು ವಾರ. ಮಳೆಗಾಲದಲ್ಲಿ ಯಾರಿಗೇ ಆದರೂ ಇದರ ಅರ್ಧ. ಪ್ಯಾಕೆಟ್ ಕೂದಲನ್ನು ಮೊದಲು ವಿನೆಗರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಣಗಿಸಿ. ಅದರ ಮೇಲಿನ ಲೇಪದಿಂದಲೇ ಕೆಲವರ ನೆತ್ತಿಗೆ ತುರಿಕೆ ಬರುತ್ತದೆ. ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಕಾನೆಕಲಾನ್ ಕೂತುಕೊಳ್ಳುತ್ತದೆ, ನಮ್ಮದೇ ಕೂದಲು ಹಾಗೆ ಕೂರುವುದಿಲ್ಲ, ಅದರ ತುದಿಗೆ ಸಣ್ಣ ರಬ್ಬರ್ ಹಾಕಬೇಕು. ಅದ್ದುವಾಗ ಬೆನ್ನಿಗೆ ದಪ್ಪ ಟವೆಲ್ ಹೊದಿಸಿ. ಬಚ್ಚಲ ಹಂಡೆ ಒಲೆಯ ಮುಂದೆ ಕೂತು ತಲೆ ಒಣಗಿಸುವ ಅಭ್ಯಾಸ ಇರುವವರು ಬ್ರೇಡ್ಸ್ ಇರುವಷ್ಟು ದಿನ ಅದನ್ನು ಬಿಡಬೇಕು. ಸಿಂಥೆಟಿಕ್ ಕೂದಲು ಬೆಂಕಿಯ ಶಾಖಕ್ಕೆ ಮುದುರಿ ಕರಗುತ್ತದೆ.

ಬಿಗಿ ಎಷ್ಟಿರಬೇಕು? ಹಾಕಿದ ಮೇಲೆ ಹುಬ್ಬು ಏರಿಸಿ ನೋಡಿ. ನೆತ್ತಿಯ ಚರ್ಮ ಜಗ್ಗಿದರೆ ಆ ಸಾಲು ಬಿಚ್ಚಿಸಿ. ಬುಡದಲ್ಲಿ ಸಣ್ಣ ಗುಳ್ಳೆ, ರಾತ್ರಿ ಮಲಗಲಾಗದ ನೋವು ಇದ್ದರೆ ತಡಕೊಳ್ಳಬೇಡಿ. ಹಣೆ ಅಂಚಿನ ಕೂದಲು ಜಗ್ಗಾಟದಿಂದ ಉದುರಿದರೆ ಶುರುವಿನಲ್ಲಿ ಮತ್ತೆ ಬರುತ್ತದೆ, ವರ್ಷಗಟ್ಟಲೆ ನಡೆದರೆ ಬರುವುದೇ ಇಲ್ಲ. ಮದುವೆಯಲ್ಲಿ ಚೌರಿ ಸೇರಿಸಿ ಮೊಗ್ಗಿನ ಜಡೆ ಹೊತ್ತವರಿಗೆ ಈ ಭಾರ ಗೊತ್ತು. ಆದರೆ ಅದು ಒಂದು ದಿನದ್ದು.

ಬಿಚ್ಚಿದಾಗ ಕೈತುಂಬ ಕೂದಲು ಬಂದರೆ ಹೆದರಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ನಾಲ್ಕು ವಾರದ್ದೆಲ್ಲ ಬ್ರೇಡ್‌ನೊಳಗೇ ಕೂತಿರುತ್ತದೆ. ಒದ್ದೆ ಮಾಡುವ ಮೊದಲೇ ಆ ಕೂದಲನ್ನು ಬೆರಳಲ್ಲಿ ಎಳೆದು ತೆಗೆಯಿರಿ, ನೀರು ಬಿದ್ದರೆ ಬುಡದಲ್ಲಿ ಸಿಕ್ಕಾಗುತ್ತದೆ. ಡ್ರೆಡ್ಸ್ ಬಿಚ್ಚುವುದಾದರೆ ಕಂಡೀಷನರ್ ಸುರಿದು ತುದಿಯಿಂದ ಮೇಲಕ್ಕೆ, ಒಂದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ. ತಾನಾಗಿ ಬಂದ ಜಟೆಯನ್ನು ದೇವರದ್ದೆಂದು ನಂಬಿದವರ ತಲೆಗೆ, ಅವರೇ ಬಾಯಿಬಿಟ್ಟು ಹೇಳದೆ ನಾನು ಕೈ ಹಾಕುವುದಿಲ್ಲ. ವರ್ಷ ದಾಟಿದ ಡ್ರೆಡ್ಸ್‌ಗೆ 8 ಸೆಂಟಿಮೀಟರ್ ಬುಡ ಉಳಿಸಿ ಕತ್ತರಿಸಿ, ಉಳಿದದ್ದನ್ನಷ್ಟೇ ಬಿಡಿಸುವುದು ಲೇಸು.